ಓದಲಿಕ್ಕಾ, ದುಡಿಯಲಿಕ್ಕಾ, ನೋಡಲಿಕ್ಕಾ? ವಿದೇಶಕ್ಕೆ ಹೊರಡುವ ಮುಂಚೆ ಒಂದು ಹೋಲಿಕೆ

ಜೂನ್ ಬಂತೆಂದರೆ ನಮ್ಮ ಮನೆಗೆ ಪ್ಲಾಸ್ಟಿಕ್ ಫೈಲ್ ಹಿಡಿದವರು ಬರಲು ಶುರುವಾಗುತ್ತಾರೆ. ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅರ್ಜಿ ತುಂಬಿಸಲು, ಪತ್ರ ತಿದ್ದಿಸಲು, ಕೆಲವೊಮ್ಮೆ ಸುಮ್ನೆ ಮಾತಾಡಿ ಧೈರ್ಯ ತಗೊಂಡು ಹೋಗಲು ಹಳೇ ವಿದ್ಯಾರ್ಥಿಗಳೂ ಓಣಿಯವರೂ ಬರುತ್ತಾರೆ. ಹೋದ ವರ್ಷ ಜೇವರ್ಗಿ ಕಡೆಯ ಹುಡುಗನೊಬ್ಬ ಬಂದ. ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದ. ಕೂತವನೇ ಕೇಳಿದ: "ಯಾವ ದೇಶ ಚಲೋ ಅದರೀ ಮೇಡಂ?"

"ಅಲ್ಲಿಗೆ ಹೋಗಿ ಏನು ಆಗಬೇಕು ಅಂತೀಯಪ್ಪ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಫೈಲಿನ ಗುಂಡಿ ತೆಗೆಯುವುದು, ಹಾಕುವುದು ಮಾಡಿದ. ಆಮೇಲೆ ಅಂದ: "ಅಪ್ಪಗ ಇನ್ನ ಸಾಕು, ಹೊಲಕ್ಕ ಹೋಗಬ್ಯಾಡ ಅನ್ನಂಗ ಆಗ್ಬೇಕ್ರಿ." ಮನೆಗೆ 4 ಎಕರೆ ತೊಗರಿ ಹೊಲ. ಪಿಯುಸಿ ಓದುವ ತಂಗಿ ಇದ್ದಾಳೆ. 2 ಎಕರೆ ಮಾರಿ ಇವನನ್ನು ಲಂಡನ್‌ಗೆ ಕಳಿಸುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು.

ನಮ್ಮ ಭಾಗದಿಂದ ಹೊರಡುವವರು ಬಹಳಷ್ಟು ಜನ ದೇಶದ ಹೆಸರಿನಿಂದ ಶುರು ಮಾಡುತ್ತಾರೆ. ಹಾಗಾಗಿ ನಾನು ಎಲ್ಲರಿಗೂ ಎರಡು ಪ್ರಶ್ನೆ ಹಾಕುತ್ತೇನೆ. ಒಂದು, ನಿಮ್ಮ ಆಸೆ ಏನು? ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡು, ಏನೋ ಕಾರಣಕ್ಕೆ ಆರು ತಿಂಗಳಿಗೇ ವಾಪಸ್ ಬರಬೇಕಾಯಿತು ಅಂದುಕೊಳ್ಳಿ. ಆಗ ಕೈಯಲ್ಲಿ ಏನಿರುತ್ತದೆ, ತಲೆ ಮೇಲೆ ಎಷ್ಟು ಸಾಲ ಇರುತ್ತದೆ? ಈ ಎರಡನೇ ಪ್ರಶ್ನೆ ಕೇಳಿದ ಕೂಡಲೇ ತಾಯಂದಿರು "ಬಿಡ್ತು ಅನ್ನಿ" ಅನ್ನುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಕಾಯಿಲೆ, ಬದಲಾಗುವ ವೀಸಾ ನಿಯಮ, ಮುಚ್ಚಿ ಹೋಗುವ ಕಂಪನಿ, ಇವು ಯಾವುವೂ ನಮ್ಮನ್ನು ಕೇಳಿ ಬರುವುದಿಲ್ಲ ಅಲ್ವಾ? ಓದು, ದುಡಿಮೆ, ಪ್ರವಾಸ ಮೂರನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಹೋಲಿಸುತ್ತೇನೆ.

ಓದಲು ಹೋಗುವುದು

ಮೊದಲು ಸಾಲದ ಲೆಕ್ಕ ಹೇಳಿಬಿಡುತ್ತೇನೆ. 20 ಲಕ್ಷ ಸಾಲ, 10% ಬಡ್ಡಿ, 10 ವರ್ಷದಲ್ಲಿ ತೀರಿಸಬೇಕು ಅಂದರೆ ಕಂತು ತಿಂಗಳಿಗೆ 26 ಸಾವಿರ ದಾಟುತ್ತದೆ. ಓದುವ ಕಾಲದಲ್ಲಿ ಕಂತು ಕಟ್ಟಬೇಕಿಲ್ಲ ನಿಜ, ಬಡ್ಡಿ ಮಾತ್ರ ವರ್ಷಕ್ಕೆ 2 ಲಕ್ಷದಂತೆ ಬೆಳೆಯುತ್ತಲೇ ಇರುತ್ತದೆ. ಅಲ್ಲಿ ಕೆಲಸ ಸಿಕ್ಕರೆ ಈ ಕಂತು ಹಗುರ. ಕೆಲಸ ಸಿಗದೆ ಕಲಬುರಗಿಗೆ ಬಂದು 20 ಸಾವಿರದ ನೌಕರಿ ಹಿಡಿದರೆ, ಸಂಬಳ ಪೂರ್ತಿ ಕೊಟ್ಟರೂ ಕಂತು ತೀರುವುದಿಲ್ಲ. ಇನ್ನೊಂದು ಮಾತು. ಬಹುತೇಕ ಬ್ಯಾಂಕುಗಳು ದೊಡ್ಡ ವಿದ್ಯಾ ಸಾಲಕ್ಕೆ ಮನೆಯನ್ನೋ ಎನ್‌ಎ (ಕೃಷಿಯೇತರ) ಪ್ಲಾಟನ್ನೋ ಅಡವು ಕೇಳುತ್ತವೆ, ಹೊಲ ಬೇಡ ಅನ್ನುತ್ತವೆ. ಹೊಲವೊಂದೇ ಆಸ್ತಿ ಇದ್ದವರು ಹಾಗಾಗಿ ಖಾಸಗಿ ಸಾಲಕ್ಕೆ ಹೋಗುತ್ತಾರೆ, ಇಲ್ಲವೇ ಹೊಲವನ್ನೇ ಮಾರುತ್ತಾರೆ. ನನಗೆ ಜಾಸ್ತಿ ಭಯ ಇರುವುದು ಇಲ್ಲೇ.

ಈಗ ದೇಶಗಳು. ಬ್ರಿಟನ್‌ನಲ್ಲಿ ಮಾಸ್ಟರ್ಸ್ ಒಂದೇ ವರ್ಷ. ಬೇಗ ಮುಗಿಯುತ್ತದೆ, ಅದು ದೊಡ್ಡ ಅನುಕೂಲ. ಆದರೆ ಬಹುತೇಕ ಕೋರ್ಸ್‌ಗಳ ಫೀಸು 15 ಸಾವಿರ ಪೌಂಡ್ ದಾಟುತ್ತದೆ. ಊಟ, ಬಾಡಿಗೆ ಬೇರೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಇಲ್ಲಿಯವರೆಗೆ 2 ವರ್ಷದ ವೀಸಾ ಕೊಡುತ್ತಿದ್ದರು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ, ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಹೊಲ ಮಾರಿ ಹೋದವರಿಗೆ ಆ ಆರು ತಿಂಗಳು ಸಣ್ಣದಲ್ಲ.

ಅಮೆರಿಕದಲ್ಲಿ ಓದಿದ ಮೇಲೆ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ಎಂಜಿನಿಯರಿಂಗ್, ಗಣಿತದವರಿಗೆ ಅದರ ಮೇಲೆ 24 ತಿಂಗಳು. ಆಮೇಲೆ ಎಚ್-1ಬಿ, ಅಂದರೆ ಕಂಪನಿ ಕೊಡಿಸುವ ಕೆಲಸದ ವೀಸಾ. ಅದಕ್ಕೆ ವರ್ಷಕ್ಕೆ 85,000 ಜಾಗ, ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ. ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವವರ ಅರ್ಜಿಗೆ 2025ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಗಟ್ಟಿ ವಿದ್ಯಾರ್ಥಿವೇತನವೋ ಸಂಶೋಧನೆಯ ಸಹಾಯಧನವೋ ಕೈಯಲ್ಲಿದ್ದರೆ ಅಮೆರಿಕ ಒಳ್ಳೆಯದೇ. ಪೂರ್ತಿ ಸಾಲದ ಮೇಲೆ ಹೋಗುವವರಿಗೆ ನಾನು ಹೂಂ ಅನ್ನುವುದಿಲ್ಲ.

ಜರ್ಮನಿಯ ಲೆಕ್ಕ ಬೇರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಸೆಮಿಸ್ಟರ್‌ಗೆ ಸಣ್ಣ ಮೊತ್ತ ಕಟ್ಟಿದರೆ ಸಾಕು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಫೀಸು ತಗೊಳ್ಳುತ್ತಿದೆ. ಹಾಗಾದರೆ ಜರ್ಮನಿಗೆ ದುಡ್ಡೇ ಬೇಡವಾ? ಬೇಕು. ವೀಸಾಗೆ ಮುಂಚೆ ಒಂದು ವರ್ಷದ ಖರ್ಚು, 11,904 ಯೂರೋ, ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ಯೂರೋಗೆ 100 ರೂಪಾಯಿ ಹಿಡಿದರೂ ಸುಮಾರು 12 ಲಕ್ಷ. ಆದರೆ ಅದು ನಿಮ್ಮದೇ ದುಡ್ಡು. ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ಬರುತ್ತದೆ. ಆರು ತಿಂಗಳಿಗೆ ವಾಪಸ್ ಬಂದರೆ ಉಳಿದದ್ದು ನಿಮಗೇ ಸೇರುತ್ತದೆ. ಬ್ರಿಟನ್‌ನಲ್ಲಿ ಕಟ್ಟಿದ ಫೀಸು ಹಾಗೆ ತಿರುಗಿ ಬರುತ್ತದೆಂದು ನಂಬಿ ಕೂರುವಂತಿಲ್ಲ. ನನ್ನ ಎರಡನೇ ಪ್ರಶ್ನೆ ಯಾಕೆ ಮುಖ್ಯ ಅಂತ ಇಲ್ಲಿ ಕಾಣುತ್ತದೆ.

ಜರ್ಮನಿಗೆ ಓದಲು ಹೋಗುವ ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ನಮ್ಮ ಓದಿನ ಕಾಗದಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯವಾಗಿದೆ. ಶುಲ್ಕ 18,000 ರೂಪಾಯಿ. ಅದು ಬರಲು ಸಮಯ ಹಿಡಿಯುತ್ತದೆ, ಅದರಿಂದಲೇ ಶುರು ಮಾಡಿ. ಓದುತ್ತಲೇ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಕಷ್ಟ ಇರುವುದು ಭಾಷೆಯಲ್ಲಿ. ಪಾಠ ಇಂಗ್ಲಿಷ್‌ನಲ್ಲಿದ್ದರೂ ಸಣ್ಣ ಊರಿನ ಕಾರ್ಖಾನೆಯಲ್ಲಿ ಕೆಲಸ ಬೇಕೆಂದರೆ ಜರ್ಮನ್ ಬೇಕೇ ಬೇಕು. ನಮ್ಮ ಹುಡುಗರು ಇದಕ್ಕೆ ಹೆದರಬೇಕಿಲ್ಲ ಅನ್ನುವುದು ನನ್ನ ಅನುಭವ. ಕಲಬುರಗಿಯಲ್ಲಿ ಬೆಳೆದವರು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ, ಹೈದರಾಬಾದಿಗೆ ಹೋದರೆ ತೆಲುಗು ಅಂತ ಮೂರು ನಾಲ್ಕು ಭಾಷೆ ಆಡಿಕೊಂಡೇ ದೊಡ್ಡವರಾಗಿರುತ್ತಾರೆ. ಅಂಥ ನಾಲಿಗೆಗೆ ಇನ್ನೊಂದು ಭಾಷೆ ಭಾರ ಆಗುವುದಿಲ್ಲ. ಇಂಗ್ಲಿಷ್ ಒಂದನ್ನೇ ಹಿಡಿದು ಕೂತವರಿಗೇ ಅದು ಜಾಸ್ತಿ ಕಷ್ಟ.

ಸಾಲವಿಲ್ಲದ ದಾರಿಗಳೂ ಇವೆ. ಇವನ್ನು ನಮ್ಮ ಕಡೆ ಕೇಳುವವರು ಕಮ್ಮಿ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಗಳು, ಸಾಂಪ್ರದಾಯಿಕ ಕುಶಲಕರ್ಮಿಗಳು, ಇವರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಜಾಗ, ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳಲ್ಲಿ ವಿದೇಶಿ ಓದಿಗೆ ಸಾಲದ ಯೋಜನೆಗಳಿವೆ. ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ಕೇಳಿ. ಜಾತಿಯ ಪ್ರಶ್ನೆ ಇಲ್ಲದೆ ಎಲ್ಲರಿಗೂ ತೆರೆದಿರುವ ಎರಡು: ಬ್ರಿಟನ್‌ನ ಚೀವ್ನಿಂಗ್, ಯುರೋಪಿನ ಎರಾಸ್ಮಸ್ ಮುಂಡಸ್. ಚೀವ್ನಿಂಗ್‌ಗೆ 2 ವರ್ಷ ಕೆಲಸದ ಅನುಭವ ಬೇಕು, ಓದಿ ಬಂದು 2 ವರ್ಷ ನಮ್ಮ ದೇಶದಲ್ಲೇ ಇರಬೇಕು. ಎರಾಸ್ಮಸ್ ಮುಂಡಸ್‌ನಲ್ಲಿ ಕಮ್ಮಿ ಅಂದರೂ ಎರಡು ದೇಶದಲ್ಲಿ ಓದಿಸುತ್ತಾರೆ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಓದೂ ಬೇಕು, ದೇಶವೂ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎರಾಸ್ಮಸ್ ಮುಂಡಸ್ ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ. ಜೂನ್‌ನಲ್ಲಿ ಎಚ್ಚರಾಗುವವರಿಗೆ ತಯಾರಿಗೆ ನಾಲ್ಕು ತಿಂಗಳು ಸಿಗುತ್ತದೆ.

ಎಂಬಿಬಿಎಸ್ ವಿಷಯ ಇಲ್ಲಿ ತೂಗಲು ಬರುವುದಿಲ್ಲ. ನೀಟ್ ಪಾಸಾಗಿರಬೇಕು, 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್, ವಾಪಸ್ ಬಂದು ಮತ್ತೆ ಪರೀಕ್ಷೆ. ಅದಕ್ಕೆ ಬೇರೆಯೇ ಕೂತು ಮಾತಾಡಬೇಕು.

ದುಡಿಯಲು ಹೋಗುವುದು

ನನ್ನ ತಮ್ಮ ಐಟಿಐ ಎಲೆಕ್ಟ್ರಿಷಿಯನ್. ಸೌದಿಗೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಏಜೆಂಟ್ ಒಬ್ಬ 90 ಸಾವಿರ ತಗೊಂಡ. ಕರಾರು ಪತ್ರ ಕೊಟ್ಟ. ಎರಡು ಸಾಲು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅರಬ್ಬಿ. ಇಂಗ್ಲಿಷ್ ನಾನೇ ಓದಿದೆ, 'ಎಲೆಕ್ಟ್ರಿಷಿಯನ್' ಅಂತಲೇ ಇತ್ತು. ತೃಪ್ತಿಯಾಗಿ ಸಹಿ ಹಾಕಿಸಿದೆ. ಅಲ್ಲಿ ಇಳಿದ ಮೇಲೆ ಅವನ ಕೈಗೆ ಗುದ್ದಲಿ ಕೊಟ್ಟರು. ಆಮೇಲೆ ನಾನು ಆ ಪತ್ರದ ಜೆರಾಕ್ಸ್ ಹಿಡಿದು ದರ್ಗಾ ಕಡೆ ಇರುವ ಮೌಲ್ವಿ ಸಾಹೇಬರೊಬ್ಬರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ, ಬಲಗಡೆಯ ಸಾಲಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದರು. "ಇಲ್ಲಿ 'ಆಮಿಲ್' ಅಂತ ಅದಮ್ಮ. ಅಂದ್ರ ಕೂಲಿಯವ. ಎಲೆಕ್ಟ್ರಿಷಿಯನ್‌ಗೆ 'ಕಹ್ರಬಾಯಿ' ಅಂತ ಇರಬೇಕಿತ್ತು." ಎರಡು ಸಾಲಿನಲ್ಲಿ ಎರಡು ಕೆಲಸ. ಇಂಗ್ಲಿಷ್ ಟೀಚರ್ ಮನೆಯಲ್ಲೇ ಹೀಗಾಯಿತು ಅನ್ನುವ ನೋವು ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಗಲ್ಫ್‌ಗೆ ಹೋಗುವವರು ಸಹಿ ಹಾಕುವ ಮುಂಚೆ ಅರಬ್ಬಿ ಓದಬಲ್ಲವರಿಂದ ಪತ್ರ ಓದಿಸಿ. ನಮ್ಮ ಊರಿನಲ್ಲಿ ಅಂಥವರಿಗೆ ಬರವಿಲ್ಲ. ಏಜೆಂಟ್ ನೋಂದಾಯಿತನೇ ಅಂತ ಕೇಂದ್ರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಿ. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಾವು ಕೊಟ್ಟದ್ದು ಅದರ ಮೂರು ಪಟ್ಟು, ರಸೀದಿಯೂ ಇಲ್ಲ. ವಿಸಿಟ್ ವೀಸಾ ಮೇಲೆ ಹೋಗು, ಅಲ್ಲಿ ಬದಲಿಸೋಣ ಅಂದರೆ ಎದ್ದು ಬಂದುಬಿಡಿ.

ಪಾಸ್‌ಪೋರ್ಟ್‌ನ ಒಂದು ವಿಷಯ. ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಬರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರು ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅವರಿಗೆ ಕಡ್ಡಾಯ. 2 ವರ್ಷಕ್ಕೆ 275 ರೂಪಾಯಿ, 3 ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ, ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ಬರುತ್ತದೆ. ಹತ್ತನೇ ಕ್ಲಾಸು ಪಾಸಾದವರಿಗೆ ಈ ತಪಾಸಣೆ ಇಲ್ಲ. ತಮ್ಮನ ಪತ್ರವನ್ನು ಸರ್ಕಾರದ ಕಡೆಯಿಂದ ಯಾರೂ ನೋಡದೇ ಇದ್ದದ್ದು ಹೀಗೆ. ಹಾಗಾಗಿ ಓದಿದವರು ತಾವೇ ಎರಡು ಪಟ್ಟು ಹುಷಾರಾಗಿರಬೇಕು.

ತಮ್ಮ 2 ವರ್ಷ ಇದ್ದು ಬಂದ. ಮೊದಲ ವರ್ಷ ಏಜೆಂಟ್‌ನ ಸಾಲಕ್ಕೇ ಹೋಯಿತು. ಎರಡನೇ ವರ್ಷ ಒಬ್ಬ ಕೇರಳದ ಫೋರ್‌ಮನ್ ಇವನ ಕೈ ನೋಡಿ ಪ್ಯಾನಲ್ ಕೆಲಸಕ್ಕೆ ಹಾಕಿಕೊಂಡ. ಆ ಒಂದು ವರ್ಷದ ಉಳಿತಾಯ ಮತ್ತು ಕಲಿತ ಕೆಲಸದಿಂದ ಈಗ ಸೇಡಂ ರೋಡಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಗಲ್ಫ್ ಕೆಟ್ಟದ್ದು ಅಂತ ಅವನು ಇವತ್ತೂ ಹೇಳುವುದಿಲ್ಲ. ಮನೆಗೆ ಬೇಗ ದುಡ್ಡು ಬೇಕು, ಕೈಯಲ್ಲಿ ಕಸುಬಿದೆ, 30 ಸಾವಿರದ ಒಳಗೆ ಹೋಗಲು ಆಗುತ್ತದೆ ಅನ್ನುವವರಿಗೆ ಓದಿಗಿಂತ ಇದೇ ಸರಿ. ಆರು ತಿಂಗಳಿಗೆ ವಾಪಸ್ ಬಂದರೂ ಮೈಮೇಲೆ ದೊಡ್ಡ ಸಾಲ ಇರುವುದಿಲ್ಲ.

ಓದು, ದುಡಿಮೆ ಎರಡೂ ಕೂಡಿದ ಒಂದು ದಾರಿ ಜರ್ಮನಿಯ ಆಸ್‌ಬಿಲ್ಡುಂಗ್. ಬಹುತೇಕ 3 ವರ್ಷದ ಕಸುಬಿನ ತರಬೇತಿ, ವಾರದಲ್ಲಿ ಕೆಲವು ದಿನ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ. ಮೊದಲ ತಿಂಗಳಿನಿಂದಲೇ ಭತ್ಯೆ ಸಿಗುತ್ತದೆ. ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಅಂತ ಏರುತ್ತಾ ಹೋಗುತ್ತವೆ, ಸಾಮಾನ್ಯವಾಗಿ ಬಿ1 ಮಟ್ಟದ ಜರ್ಮನ್ ಕೇಳುತ್ತಾರೆ. ನರ್ಸಿಂಗ್ ಮುಗಿಸಿ ನರ್ಸ್ ಆಗಿಯೇ ಹೋಗುವವರಿಗೆ ಬಿ2 ಬೇಕು. ಬೀದರ್, ಕಲಬುರಗಿಯಲ್ಲಿ ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಎಷ್ಟೊಂದು ಇದ್ದಾರೆ! ಅವರು ಖಾಸಗಿ ಏಜೆಂಟ್‌ಗೆ ಫೋನ್ ಮಾಡುವ ಮುಂಚೆ ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನು ಕೇಳಬೇಕು ಅನ್ನುವುದು ನನ್ನ ಕಳಕಳಿ.

ನೋಡಲು ಹೋಗುವುದು

ವಿದೇಶಕ್ಕೆ ಹೋಗಬೇಕು ಅನ್ನುವ ಎಲ್ಲರಿಗೂ ಅಲ್ಲೇ ನೆಲೆಸುವ ಆಸೆ ಇರುವುದಿಲ್ಲ. ಕೆಲವರಿಗೆ ಒಂದು ಸಲ ಗಡಿ ದಾಟಿ ನೋಡಬೇಕು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಓದಿನ ನೆಪ ಹಾಕಿ 20 ಲಕ್ಷ ಸಾಲ ಮಾಡಿದವರನ್ನೂ ಕಂಡಿದ್ದೇನೆ.

ನನ್ನ ಸ್ವಂತ ಆಸೆ ಲುಂಬಿನಿ. ಚಿಕ್ಕವಳಿದ್ದಾಗ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿದ್ದೆವು. ಪಕ್ಕದ ಕನಗನಹಳ್ಳಿಯಲ್ಲಿ 'ರಾಯ ಅಸೋಕ' ಅಂತ ಬರೆದ ಅಶೋಕನ ಶಿಲ್ಪ ಸಿಕ್ಕಿದೆ. ಅದೇ ಅಶೋಕ ಲುಂಬಿನಿಯಲ್ಲಿ, ಬುದ್ಧ ಹುಟ್ಟಿದ ಜಾಗದಲ್ಲಿ, ಕಂಬ ನಿಲ್ಲಿಸಿದ್ದಾನೆ ಅಂತ ಅಪ್ಪ ಹೇಳಿದ್ದರು. ಆ ಕಂಬ ನೋಡಬೇಕು ಅಂತ ಅವತ್ತಿನಿಂದ ಮನಸ್ಸಿನಲ್ಲಿತ್ತು. 34ನೇ ವಯಸ್ಸಿಗೆ ಹೋದೆ. ಗೋರಖ್‌ಪುರದವರೆಗೆ ರೈಲು, ಸೋನೌಲಿ ಗಡಿಗೆ ಬಸ್, ಗಡಿ ನಡೆದೇ ದಾಟಿದೆ. ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಗುರುತಿನ ಚೀಟಿ ಇರಬೇಕು, ಆಧಾರ್ ಒಂದೇ ಇದ್ದರೆ ನನ್ನ ವಯಸ್ಸಿನವರಿಗೆ ನಡೆಯುವುದಿಲ್ಲ. ಒಂದು ತಿಂಗಳ ಸಂಬಳದಲ್ಲಿ ಮುಗಿಯಿತು. ಸಾಲ ಇಲ್ಲ, ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ತಿರುಗುತ್ತಾ ದುಡಿಯುವ ಆಸೆ ಇದ್ದವರಿಗೆ 30 ದಾಟುವ ಮುಂಚೆ ಎರಡು ಬಾಗಿಲು ಇವೆ. ಬ್ರಿಟನ್‌ನ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಯೋಜನೆ: ಪದವಿ, ಖಾತೆಯಲ್ಲಿ 2,530 ಪೌಂಡ್, 2 ವರ್ಷ ಅಲ್ಲಿರಬಹುದು, ವರ್ಷಕ್ಕೆ 3,000 ಜನರವರೆಗೆ. ಆಯ್ಕೆ ಲಾಟರಿಯಲ್ಲಿ, ಹೆಸರು ಹಾಕಲು ಶುಲ್ಕ ಇಲ್ಲ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ 2024ರಿಂದ ನಮಗೂ ಸಿಗುತ್ತಿದೆ, 1,000 ಜಾಗ, ಅದೂ ಲಾಟರಿ, ಹೆಸರು ಹಾಕಲು 25 ಆಸ್ಟ್ರೇಲಿಯನ್ ಡಾಲರ್. ಸಿಕ್ಕರೆ ಭಾಗ್ಯ. ಅದನ್ನೇ ನಂಬಿ ನೌಕರಿ ಬಿಡಬೇಡಿ.

ಊರಲ್ಲೇ ಉಳಿಯುವುದೂ ಒಂದು ದಾರಿ

ಹೋಲಿಕೆ ಅಂದ ಮೇಲೆ ಇದನ್ನು ಬಿಡುವಂತಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ಕಲಂ 371ಜೆ ಬಂದ ಮೇಲೆ ನಮ್ಮ ಭಾಗದ ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಸಿ ದರ್ಜೆಯಲ್ಲಿ 80%, ಡಿ ದರ್ಜೆಯಲ್ಲಿ 85% ಇಲ್ಲಿಯವರಿಗೇ. ರಾಜ್ಯ ಮಟ್ಟದಲ್ಲೂ 8% ಇದೆ. ಈ ಅವಕಾಶಕ್ಕೆ ವಯಸ್ಸಿನ ಮಿತಿ ಇದೆ, ವಿದೇಶದ ಮಾಸ್ಟರ್ಸ್‌ಗೆ ಅಂಥ ಮಿತಿ ಸಾಮಾನ್ಯವಾಗಿ ಇಲ್ಲ. ಸರ್ಕಾರಿ ನೌಕರಿಯ ಆಸೆಯೂ ಇದ್ದರೆ ಮೊದಲು ಅದಕ್ಕೆ ಎರಡು ವರ್ಷ ಕೊಡಿ. ಸಿಗದಿದ್ದರೂ ಅಷ್ಟರಲ್ಲಿ ಒಂದು ಖಾಸಗಿ ಕೆಲಸ ಹಿಡಿದಿದ್ದರೆ, ಚೀವ್ನಿಂಗ್ ಕೇಳುವ 2 ವರ್ಷದ ಅನುಭವ ಅದೇ ಆಗುತ್ತದೆ.

ಹಾಗಾದರೆ ಯಾರಿಗೆ ಯಾವುದು? ಹೊಲವೊಂದೇ ಆಸ್ತಿ ಇದ್ದು, ಆಸೆ ಮನೆಯ ಭಾರ ಇಳಿಸುವುದಾದರೆ, ಅದನ್ನು ಮಾರಿ ಒಂದು ವರ್ಷದ ಕೋರ್ಸ್‌ಗೆ ಹೋಗಬೇಡಿ. ಆಸ್‌ಬಿಲ್ಡುಂಗ್, ಜರ್ಮನಿ, ಇಲ್ಲವೇ ಕಸುಬು ಇದ್ದರೆ ಗಲ್ಫ್ ನೋಡಿ. ವಿಷಯದ ಮೇಲೆ ನಿಜವಾದ ಪ್ರೀತಿ ಇದ್ದರೆ, ಸಂಶೋಧನೆ ಮಾಡಬೇಕು ಅನ್ನಿಸಿದರೆ, ವಿದ್ಯಾರ್ಥಿವೇತನಕ್ಕೆ ಒಂದು ವರ್ಷ ಕಾಯಿರಿ. ಮನೆಯಲ್ಲಿ ಇಬ್ಬರು ದುಡಿಯುವವರಿದ್ದು, ಸ್ವಂತ ಮನೆ ಇದ್ದರೆ ಬ್ರಿಟನ್, ಅಮೆರಿಕದ ಸಾಲ ತಡೆದುಕೊಳ್ಳಬಹುದು. ಬರೀ ನೋಡುವ ಆಸೆ ಇದ್ದರೆ ನೋಡಿಯೇ ಬನ್ನಿ. ಅದಕ್ಕೆ ಬೇರೆ ಕಾರಣ ಕೊಡಬೇಕಿಲ್ಲ.

ಯಾವ ದಾರಿಗಾದರೂ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಎಲ್ಲ ಕಾಗದ ತೆಗೆದು ಚಾಪೆ ಮೇಲೆ ಸಾಲಾಗಿ ಇಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಡಿಗ್ರಿ, ಬ್ಯಾಂಕ್ ಪಾಸ್‌ಬುಕ್. ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಬೆರಳಿಟ್ಟು ನೋಡಿ. ನಮ್ಮ ಕಡೆಯ ಶರಣಬಸಪ್ಪ, ಮಲ್ಲಿಕಾರ್ಜುನ ಅನ್ನುವ ಉದ್ದ ಹೆಸರುಗಳಲ್ಲಿ ಒಂದು ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಒಂದರಲ್ಲಿ ಪಾಟೀಲ್ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾದದ್ದರಿಂದ ಹಳೆಯ ಕಾಗದದಲ್ಲಿ ಗುಲ್ಬರ್ಗಾ, ಹೊಸದರಲ್ಲಿ ಕಲಬುರಗಿ. ಎಸ್ಸೆಸ್ಸೆಲ್ಸಿ ಕಾರ್ಡನ್ನು ಮೂಲವಾಗಿ ಹಿಡಿದು ಉಳಿದದ್ದನ್ನು ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್‌ಗೆ ಹೋಗಿ. ಈಗ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಇದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ತತ್ಕಾಲ್ ಆದರೆ 3,500.

ಜೇವರ್ಗಿಯ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಹೊಲ ಮಾರಿಲ್ಲ. ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ಸಂಜೆ ಆನ್‌ಲೈನ್‌ನಲ್ಲಿ ಜರ್ಮನ್ ಕಲಿಯುತ್ತಿದ್ದಾನೆ, ಎ2 ಆಗಿದೆ. ಅದೇ ಪ್ಲಾಸ್ಟಿಕ್ ಫೈಲಿನಿಂದ ಹೊಸ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟ. ಹೆಸರು, ಊರು, ಎಲ್ಲ ಅಕ್ಷರ ಸರಿಯಾಗಿತ್ತು. "ಅಪ್ಪಗ ತೋರಿಸಿದೆನ್ರಿ. ಫೋಟೋ ನೋಡಿ, ಯಾಕೋ ನಗಲೇ ಇಲ್ಲೇನು ಅಂದ್ರು," ಅಂತ ಹೇಳಿ ಅವನೇ ನಕ್ಕ. ಎಪಿಎಸ್ ಅರ್ಜಿ ತುಂಬಲು ಇಬ್ಬರೂ ಕೂತೆವು.